ಅತ್ತೆಗೆ ಇಟ್ಟ ಎಡೆ

ಮಂಗಳೂರಿನ ಡಾಕ್ಟರು ನನ್ನ ಗಂಡ ಚನ್ನಕೇಶವ ಅವರ ದೊಡ್ಡ ಕರುಳಿನೊಳಗೆ ಸ್ಟೆಂಟ್ ಕೂರಿಸಿದ್ದು ಎರಡು ಸಾವಿರದ ನಾಲ್ಕರ ಪಿತೃಪಕ್ಷದಲ್ಲಿ. ಕ್ಯಾನ್ಸರ್ ಗಡ್ಡೆ ದಾರಿಯನ್ನೇ ಮುಚ್ಚಿತ್ತು. ಹೊಟ್ಟೆ ಊದಿ, ಐದು ದಿನದಿಂದ ಗಾಳಿಯೂ ಹೋಗಿರಲಿಲ್ಲ. ತಂತಿ ಹೆಣೆದ ಆ ಸಣ್ಣ ಕೊಳವೆ ಒಳಗೆ ತಾನಾಗಿಯೇ ಅರಳಿ ದಾರಿ ಬಿಡಿಸಿತು.

"ಹತ್ತು ದಿನ ಮನೇಲಿ ಸುಧಾರಿಸ್ಕೊಳ್ಳಲಿ, ಆಮೇಲೆ ಆಪರೇಷನ್. ಅಲ್ಲೀವರೆಗೆ ಗಂಜಿ, ಮೊಸರನ್ನ ಅಷ್ಟೇ. ನಾರಿನ ಪದಾರ್ಥ ತಿಂದ್ರೆ ಕೊಳವೆ ಕಟ್ಕೊಳ್ಳುತ್ತೆ, ಜೀವಕ್ಕೇ ಅಪಾಯ," ಎಂದು ಡಾಕ್ಟರು ನನಗೆ ಎರಡೆರಡು ಸಲ ಹೇಳಿದ್ದರು.

ನಾನೇನು ದಡ್ಡಿಯಲ್ಲ. ನಮ್ಮೂರು ಗೋಣಿಬೀಡಿಗೆ ಬಂದ ಮೇಲೆ ಅವರಿಗೆ ಬೇರೇನೂ ಕೊಡಲಿಲ್ಲ. ಆದರೆ ಎಂಟನೆಯ ದಿನ ಮಹಾಲಯ ಅಮಾವಾಸ್ಯೆ, ಸತ್ತವರಿಗೆ ಎಡೆ ಇಡಬೇಕಲ್ಲ! ತೀರಿಹೋದ ನನ್ನ ಅತ್ತೆಗೆ ಕಳಲೆ ಪಲ್ಯವೆಂದರೆ ಪ್ರಾಣ. ಉಪ್ಪುನೀರಿನಲ್ಲಿಟ್ಟಿದ್ದ ಎಳೆ ಬಿದಿರನ್ನು ತೆಗೆದು ನಾನೇ ಪಲ್ಯ ಮಾಡಿದೆ. ನಾರಿದ್ದರೇನು, ಸತ್ತವರ ಎಲೆಗೆ ತಾನೆ ಎಂದುಕೊಂಡೆ. ನಡುಮನೆಯಲ್ಲಿ ಬಡಿಸಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದೆವು. ನನ್ನ ಗಂಡ ಮಾತ್ರ ಒಳಗೆ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಇಬ್ಬರು ಹಿಡಿಯದೆ ಏಳಲಾರದವರನ್ನು ಹೊರಗೇಕೆ ತರುವುದೆಂದು ಬಿಟ್ಟಿದ್ದೆವು.

ಬಾಗಿಲು ತೆಗೆದಾಗ ಎಲೆಯ ಮೇಲೆ ಎಲ್ಲವೂ ಹಾಗೇ ಇತ್ತು. ಕಳಲೆಯೊಂದೇ ಇರಲಿಲ್ಲ.

"ಅವ್ವ ಬಂದಿದ್ಲು ಮಾರಾಯ್ತಿ!" ಎಂದು ನಾದಿನಿ ಸಾವಿತ್ರಮ್ಮ ಕೈಮುಗಿದಳು.

ನಾನು ಕೋಣೆಗೆ ಓಡಿದೆ. ಅವರ ತುಟಿಗೆ ಪಲ್ಯದ ಅರಿಶಿನ ಮೆತ್ತಿತ್ತು. ಕೈಗಳು ಮಾತ್ರ ಒಣಗಿಕೊಂಡು, ಶುಭ್ರವಾಗಿ, ಕಂಬಳಿಯೊಳಗೇ ಇದ್ದವು.

"ಯಾರ್ ಕೊಟ್ರು ನಿಮ್ಗೆ?"

"ಅವ್ವ. ತುತ್ತು ಮಾಡಿ ಬಾಯಿಗಿಟ್ಲು. ಬೇಡ ಅನ್ನಕ್ಕಾಗುತ್ತೇನೆ?"

ಮರುದಿನ ಬೆಳಿಗ್ಗೆ ಹೊಟ್ಟೆ ಮತ್ತೆ ಕಲ್ಲಾಗಿತ್ತು. ಜೀಪು ಮಾಡಿಕೊಂಡು ಮಂಗಳೂರಿಗೆಂದು ಚಾರ್ಮಾಡಿ ಘಾಟಿ ಇಳಿದೆವು. ಹಿಂದಿನ ಸೀಟಿನಲ್ಲಿ ನಾವಿಬ್ಬರೇ. ಅವರು ನನ್ನ ಹೆಗಲಿಗೆ ಒರಗಿದ್ದರು. ಆ ಪಲ್ಯ ಮಾಡಿದವಳು ನಾನೇ ಎಂಬ ಸಂಕಟ ತಡೆಯಲಾರದೆ ಅತ್ತೆಯನ್ನು ಬಾಯಿಗೆ ಬಂದಂತೆ ಬೈದೆ.

"ಬೈಬೇಡ. ಇಲ್ಲೇ ನನ್ ಪಕ್ಕ ಕೂತಿದಾಳೆ," ಎಂದರು.

ಆ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರ ಆಚೆ ಬದಿಯ ಕೈ ಯಾರದೋ ಕೈ ಹಿಡಿದಂತೆ ಬಿಗಿದುಕೊಂಡಿದ್ದು ಓರೆಗಣ್ಣಿಗೆ ಕಂಡಿತು. ನೋಡದೆಯೇ ಕೈ ಚಾಚಿ ಒಂದೊಂದೇ ಬೆರಳು ಬಿಡಿಸಿದೆ. ನಡುವೆ ಏನೋ ತಣ್ಣಗೆ ತಾಗಿತು. ಆದರೂ ನಿಲ್ಲಿಸಲಿಲ್ಲ.

"ನಿಮ್ ಮಗ ನಂಗೆ ಬೇಕು ಅತ್ತೆ. ನೀವು ಹೋಗಿ," ಎಂದೆ.

ಡಾಕ್ಟರು ಕ್ಯಾಮೆರಾ ಇರುವ ನಳಿಕೆ ತೂರಿಸಿ, ಸ್ಟೆಂಟಿನಲ್ಲಿ ಸಿಕ್ಕಿದ್ದ ನಾರನ್ನೆಲ್ಲ ಎಳೆದು ತೆಗೆದರು. ಮೂರನೆಯ ದಿನ ಆಪರೇಷನ್ ಆಯಿತು. ಅವರು ಬದುಕಿದರು.

ಎಚ್ಚರವಾದಾಗ ನನ್ನನ್ನೇ ದಿಟ್ಟಿಸಿ, "ಅವ್ವನ ಕೈ ಯಾಕೆ ಬಿಡಿಸ್ದೆ?" ಎಂದು ಬಿಕ್ಕಿ ಬಿಕ್ಕಿ ಅತ್ತರು.

ನನಗೂ ಅಳು ಬಂತು. ಆದರೂ ಸುಳ್ಳು ಹೇಳಲಿಲ್ಲ.

"ಹೌದು ಕಣ್ರೀ, ಬಿಡಿಸ್ದೆ. ಮತ್ತೆ ಬಂದ್ರೂ ಬಿಡಿಸ್ತೀನಿ."