ಕೂಡದ ಪೈಪು

ಸತ್ತ ಗಂಡನ ಕೊರಳಿಗೆ ಮುರಗೆಪ್ಪ ಹಾಕಿದ ಹಾರವನ್ನು ಸೋಮವ್ವ ತೆಗೆದು ತಿರುಗಿ ಅವನ ಕೈಗೇ ಕೊಟ್ಟಳು.

"ಒಯ್ರಿ ಇದನ್ನ," ಅಂದಳು.

ಅಂಗಳದಲ್ಲಿ ಕೂತಿದ್ದ ಹೆಂಗಸರು ಅಳುವುದನ್ನು ನಿಲ್ಲಿಸಿ ನೋಡಿದರು. ಮಾಳಪ್ಪನ ಹೆಣವನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹಣೆಯ ತುಂಬ ಬೀರೇಶ್ವರನ ಭಂಡಾರದ ಅರಿಶಿನ. ನಿನ್ನೆ ಮಧ್ಯಾಹ್ನ ಹುನ್ನೂರಿನ ಕಬ್ಬಿನ ತೋಟವೊಂದರಲ್ಲಿ ಡ್ರಿಪ್ ಪೈಪು ಕೂಡಿಸುತ್ತಿದ್ದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ನಲವತ್ತೊಂಬತ್ತು ವರ್ಷ.

"ಯಾಕವಾ, ಏನಾತು?" ಅಂದ ಮುರಗೆಪ್ಪ. ಜಮಖಂಡಿ ಪೇಟೆಯಲ್ಲಿ ಅವನದು ಪೈಪು, ನಳದ ಸಾಮಾನಿನ ಅಂಗಡಿ.

"ಈಗ ಹೊರಗ ನಿಂತು ಏನಂದ್ರಿ? ಅದನ್ನ ಇವನ ಮುಂದ ಅನ್ರಿ."

"ಏನ್ ಅಂದೆ? ಕುಡಿಯೂದೊಂದು ಬಿಟ್ಟಿದ್ರ ಇನ್ನೂ ಇಪ್ಪತ್ತು ವರ್ಷ ಇರ್ತಿದ್ದ ಅಂದೆ. ಕಾಳಜಿಲೆ ಅಂದೆ."

"ಇಂವ ಕುಡದದ್ದನ್ನ ಕಂಡೀರೇನು?"

"ಊರೆಲ್ಲಾ ಅಂತೈತಿ."

"ಊರು ಬಿಡ್ರಿ. ನಿಮ್ಮ ಕಣ್ಣಿಲೆ ಕಂಡೀರೇನು?"

ಮುರಗೆಪ್ಪ ಹಾರ ಹಿಡಿದುಕೊಂಡು ಸುತ್ತ ನೋಡಿದ. ಓಣಿಯ ಹಿರಿಯ ಅಮಸಿದ್ದಪ್ಪ ಎದ್ದು ಬಂದ. "ಸೋಮವ್ವ, ಹೆಣಾ ಮುಂದಿಟ್ಕೊಂಡು ಜಗಳ ಬ್ಯಾಡವಾ. ಮೊದಲ ಮಣ್ಣಾಗಲಿ."

"ಮಣ್ಣಾದ ಮ್ಯಾಲೆ ಯಾರನ್ನ ಕೇಳಲಿ ಕಾಕಾ? ಎಂಟು ವರ್ಷ ಇಂವ ಸುಮ್ಮನಿರು ಅಂದ, ಸುಮ್ಮನಿದ್ದೆ. ಇವತ್ತ ಹಂಗ ಅನ್ನಾಕ ಇವಂಗ ಬಾಯಿಲ್ಲ."

ಮಗಳು ರೇಷ್ಮಾ ತಾಯಿಯ ಸೆರಗು ಜಗ್ಗಿದಳು. ಸೋಮವ್ವ ಅವಳ ಮುಖ ನೋಡಿದಳು, ಸಿಟ್ಟು ಇನ್ನಷ್ಟು ಏರಿತು. ಹೋದ ವರ್ಷ ರನ್ನ ಬೆಳಗಲಿಯಿಂದ ಬಂದ ಗಂಡಿನವರು ಹುಡುಗಿಯನ್ನು ಮೆಚ್ಚಿ, ಚಹಾ ಕುಡಿದು ಹೋಗಿದ್ದರು. ಮೂರನೆಯ ದಿನ ಹೇಳಿ ಕಳಿಸಿದರು, ಕುಡುಕನ ಮನೆಯ ಸಂಬಂಧ ಬೇಡ ಅಂತ. ಅವತ್ತು ಮಾಳಪ್ಪ ಉಣ್ಣದೆ ಎದ್ದು ಹೋಗಿದ್ದ.

* * *

ಮಾಳಪ್ಪ ಕುರಿ ಕಾಯುವ ಮನೆತನದವನು. ಬೀಳಗಿ ಕಡೆಯ ಅವನ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಕುರಿ ಮಾರಿ, ಪುನರ್ವಸತಿ ಕೇಂದ್ರದಲ್ಲಿ ನಳ ಕೂಡಿಸುವವರ ಜೊತೆ ಸೇರಿ ಕೆಲಸ ಕಲಿತ. ಜಮಖಂಡಿಗೆ ಬಂದ ನಾಲ್ಕು ವರ್ಷದಲ್ಲಿ ಒಳ್ಳೊಳ್ಳೆಯ ಮನೆಗಳವರು ಅವನನ್ನೇ ಕರೆಯುವಂತಾಯಿತು. ಅವನು ಕೂಡಿಸಿದ ನಳ ಹನಿಯುತ್ತಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಬ್ಯಾಂಕಿನ ಮ್ಯಾನೇಜರ್ ನಾರಾಯಣರಾಯರು ಹೇಳಿ ಕಳಿಸಿದರು. ಪುಣೆಯ ನೆಂಟರು ಕೊಟ್ಟ ದೊಡ್ಡ ಮೀನಿನ ತೊಟ್ಟಿ ಅವರ ಪಡಸಾಲೆಯಲ್ಲಿತ್ತು. ತೊಟ್ಟಿಯ ನೀರು ಕೆಳಗಿನ ಡಬ್ಬಿಗೆ ಇಳಿದು, ಸೋಸಿಕೊಂಡು, ಮೋಟಾರಿನಿಂದ ಮತ್ತೆ ಮೇಲೆ ಹೋಗಬೇಕು. ತರುವಾಗ ಅದರ ಪೈಪುಗಳೆಲ್ಲ ಮುರಿದಿದ್ದವು. ತೊಟ್ಟಿಯ ತೂತುಗಳು ಮಿಲಿಮೀಟರ್ ಅಳತೆಯವು, ಮುರಗೆಪ್ಪನ ಅಂಗಡಿಯಿಂದ ರಾಯರು ತರಿಸಿಟ್ಟ ಪೈಪು, ಮೂಲೆಗೆ ತಿರುಗಿಸುವ ಎಲ್ಬೋಗಳು ಇಂಚಿನವು. ಒಂದರೊಳಗೊಂದು ಹಾಕಿದರೆ ಲೊಡಲೊಡ ಅಲ್ಲಾಡುತ್ತಿದ್ದವು.

"ಇವು ಕೂಡಂಗಿಲ್ರಿ ಸಾಹೇಬರ. ಎರಡ ದಿನ ಕೊಡ್ರಿ, ಕೊಲ್ಲಾಪುರದಿಂದ ಬರೋಬ್ಬರಿ ಅಳತಿದು ತರಸ್ತೇನಿ."

"ಇವತ್ತ ಸಂಜಿಗೆ ಮಂದಿ ಬರ್ತಾರ. ಏನ್ ಮಾಡ್ತೀಯೋ ಗೊತ್ತಿಲ್ಲ, ಕೂಡಿಸು."

ಮಾಳಪ್ಪ ಸೈಕಲ್ ಟ್ಯೂಬು ಕತ್ತರಿಸಿ ಪೈಪಿಗೆ ಸುತ್ತಿದ. ಮೇಲೆ ಪೈಪು ಅಂಟಿಸುವ ಸಲ್ಯೂಷನ್ ಬಳಿದ, ತಂತಿ ಬಿಗಿದ. ಕೆಳಗಿನ ವಾಲ್ ಬಂದ್ ಮಾಡಿ, ನಾಳೆ ಮುಂಜಾನೆಯವರೆಗೆ ಇದನ್ನು ಮುಟ್ಟಬೇಡಿ, ಮೋಟಾರ್ ಹಚ್ಚಬೇಡಿ, ಒಣಗಲಿ ಎಂದು ಹೇಳಿ ಮನೆಗೆ ಬಂದ.

ದೀಪ ಹಚ್ಚುವ ಹೊತ್ತಿಗೆ ಕರೆ ಬಂತು. ಎಲ್ಬೋ ಕಳಚಿ ಪಡಸಾಲೆಯ ತುಂಬ ನೀರು, ಜಮಖಾನೆಯ ಮೇಲೆ ಮೀನುಗಳು ಒದ್ದಾಡುತ್ತಿದ್ದವು. ಬಂದ ಮಂದಿ ಸೀರೆ, ಧೋತರ ಎತ್ತಿ ಹಿಡಿದು ಕುರ್ಚಿ ಹತ್ತಿದ್ದರು. ಮಾಳಪ್ಪನ ಅಂಗಿಯಿಂದ ಇನ್ನೂ ಸಲ್ಯೂಷನ್ನಿನ ಘಾಟು ಬರುತ್ತಿತ್ತು.

"ಮೂಸಿ ನೋಡ್ರಿ ಇವನ್ನ," ಅಂದರು ರಾಯರು ಎಲ್ಲರ ಎದುರಿಗೆ. "ಕುಡದು ಬಂದು ಕೆಲಸಾ ಮಾಡ್ಯಾನ."

ಮರುದಿನ ಮುರಗೆಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದ: ನನ್ನ ಮಾಲು ಛಲೋನ ಇತ್ತು, ಕುಡುಕನ ಕೈಯಾಗ ಕೊಟ್ರ ಏನ್ ಮಾಡೂದು. ಅಲ್ಲಿಂದ ಮುಂದೆ ಯಾರೂ ಮಾಳಪ್ಪನನ್ನು ಮನೆಯೊಳಗಿನ ಕೆಲಸಕ್ಕೆ ಕರೆಯಲಿಲ್ಲ. ಅವನು ಹೊಲ ತೋಟಗಳ ಪೈಪಿಗೆ ಬಿದ್ದ, ಬಿಸಿಲಿಗೆ ಬಿದ್ದ.

"ಹಚ್ಚಬ್ಯಾಡ್ರಿ ಅಂತ ಹೇಳಿ ಬಂದಿದ್ದಿಯಲ್ಲ, ಹಚ್ಚಿದವರು ಯಾರು?" ಎಂದು ಸೋಮವ್ವ ಎಷ್ಟೋ ಸಲ ಕೇಳಿದ್ದಳು.

"ಯಾರೋ ಹಚ್ಚಿದ್ರು. ಬಿಡು," ಅನ್ನುತ್ತಿದ್ದ.

* * *

ಹೆಣಕ್ಕೆ ನೀರು ಹಾಕುವ ಮಾತು ನಡೆದಾಗ ಅಂಗಳದ ಮುಂದೆ ಒಂದು ಕಾರು ನಿಂತಿತು. ಹಿಂದಿನ ಸೀಟಿನಲ್ಲಿದ್ದ ನಾರಾಯಣರಾಯರು ಇಳಿಯಲಿಲ್ಲ. ಅವರ ಹೆಂಡತಿ ಕುಮುದಿನಿ ಒಬ್ಬರೇ ಇಳಿದು, ಚಪ್ಪಲಿ ಬಿಟ್ಟು ಒಳಗೆ ಬಂದರು. ಸೋಮವ್ವ ಎದ್ದು ದಾರಿಗೆ ಅಡ್ಡ ನಿಂತಳು.

"ಯಾಕ ಬಂದ್ರಿ ಬಾಯಾರ?"

"ನೋಡ್ಲಿಕ್ಕೆ ಬಂದೆ ಸೋಮವ್ವ."

"ಬಾಯಿ ಮೂಸಿ ನೋಡಬೇಕೇನು? ಬರ್ರಿ. ಅಲ್ಲೇ ಕೂತಾನ."

ಕುಮುದಿನಿ ಕಂಬ ಹಿಡಿದುಕೊಂಡರು. ಸೋಮವ್ವನಿಗಷ್ಟೇ ಕೇಳುವಂತೆ, "ಅವತ್ತ ಮೋಟಾರ್ ಹಚ್ಚಿದಾಕಿ ನಾನು," ಅಂದರು. "ಮಾಳಪ್ಪ ನನ್ನ ಕರದು ವಾಲ್ ತೋರಿಸಿ, ಮುಟ್ಟಬ್ಯಾಡ್ರಿ ಬಾಯಾರ ಅಂತ ಹೇಳಿ ಹೋಗಿದ್ದ. ಮಂದಿ ನೀರು ಹರಿಯೂದು ನೋಡಬೇಕು ಅಂದ್ರು, ವಾಲ್ ತಗದೆ. ಹಚ್ಚಿದೆ. ಅಂವ ಬಂದು ನಿಂತಾಗ ನನ್ನ ಮಾರಿ ನೋಡಿದ. ನಾ ತಲಿ ಕೆಳಗ ಹಾಕಿದೆ. ಅವಂಗ ತಿಳೀತು."

"ತಿಳದೂ ಸುಮ್ಮನಿದ್ನ?"

"ಅವತ್ತ ಮಧ್ಯಾಹ್ನ ಅಂವ ಕೆಲಸಾ ಮಾಡೂವಾಗ ನನ್ನ ಕೈಯಿಂದ ಒಂದು ಕಪ್ಪು ಬಿದ್ದು ಒಡೀತು. ಅದಕ್ಕ ನಮ್ಮವರು ಏನ್ ಮಾಡಿದ್ರು ಅಂತ ಅಂವ ನೋಡಿದ್ದ." ಕುಮುದಿನಿಯ ಕೈ ತಾನಾಗಿ ಕೆನ್ನೆಗೆ ಹೋಗಿ ಬಂತು.

ಸೋಮವ್ವ ತಿರುಗಿ ಕಟ್ಟೆಯ ಕಡೆ ನೋಡಿದಳು. ಕೂತವನ ಕಣ್ಣು ಮುಚ್ಚಿದ್ದವು, ಗದ್ದ ಎದೆಗೆ ಬಾಗಿತ್ತು. ಹತ್ತಿರ ಹೋಗಿ ಅವನ ಮೊಣಕಾಲಿನ ಮೇಲೆ ಗುದ್ದಿದಳು.

"ಯಾರೋ ಒಬ್ಬಾಕಿಗೆ ಬೀಳೂ ಏಟು ತಪ್ಪಸಾಕ ನಿನ್ನ ಮಗಳನ್ನ ಕುಡುಕನ ಮಗಳು ಮಾಡಿದೇನು? ನನಗರೆ ಒಂದು ಮಾತು ಹೇಳಬಾರದಾಗಿತ್ತಾ? ನಾ ಏನು ಊರಿಗೆ ಡಂಗುರಾ ಹೊಡೀತಿದ್ನಾ?"

ಡಂಗುರ ಹೊಡೆದೇ ಹೊಡೆಯುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಅವನ ಕಾಲ ಮೇಲೆ ಹಣೆ ಇಟ್ಟಳು. ಎದ್ದಾಗ ಕಣ್ಣು ಒಣಗಿದ್ದವು.

"ಎರಡ ಓಣಿ ದಾಟಿ ಬರಾಕ ಎಂಟು ವರ್ಷ ಬೇಕಾತೇನ್ರಿ ಬಾಯಾರ? ಅಂವ ಇದ್ದಾಗ ಬರಾಕ ಆಗಲಿಲ್ಲ?"

"ಇಲ್ಲ. ಆಗ್ಲಿಲ್ಲ."

"ನನ್ನ ಕಿವ್ಯಾಗ ಹೇಳಿದ್ರ ಏನ್ ಉಪಯೋಗ? ನನಗ ಅಂವ ಎಂಥಾಂವ ಅಂತ ಗೊತ್ತಿತ್ತು. ಇಲ್ಲಿ ಕೂತವರಿಗೆ ಹೇಳ್ರಿ. ಗಾಡ್ಯಾಗ ಕೂತವರಿಗೂ ಕೇಳೂವಂಗ ಹೇಳ್ರಿ."

ಕುಮುದಿನಿ ಕಾರಿನ ಕಡೆ ನೋಡಿದರು. ಆಮೇಲೆ ಅಂಗಳದ ನಡುವೆ ಹೋಗಿ ನಿಂತು ಏನೋ ಅಂದರು. ಮುಂದೆ ಕೂತಿದ್ದ ಇಬ್ಬರಿಗೆ ಕೇಳಿಸಿರಬೇಕು, ಅಷ್ಟೇ.

"ಕೇಳ್ಲಿಲ್ಲ," ಅಂದಳು ಸೋಮವ್ವ.

"ಮಾಳಪ್ಪ ಕುಡದಿರಲಿಲ್ಲ. ಅದು ಸಲ್ಯೂಷನ್ ವಾಸನಿ. ಪೈಪು ಕೂಡಂಗಿಲ್ಲ ಅಂತ ಅಂವ ಮೊದಲ ಹೇಳಿದ್ದ, ಹಚ್ಚಬ್ಯಾಡ್ರಿ ಅಂತನೂ ಹೇಳಿದ್ದ. ಹಚ್ಚಿದಾಕಿ ನಾನು."

ಮುರಗೆಪ್ಪ ತನ್ನ ಚಪ್ಪಲಿ ಹುಡುಕತೊಡಗಿದ. ಕಾರಿನ ಗಾಜು ಅರ್ಧ ಇಳಿಯಿತು.

"ಕುಮುದಿನಿ, ಗಾಡಿ ಹತ್ತು," ಅಂದರು ರಾಯರು, ಬ್ಯಾಂಕಿನ ಜವಾನನಿಗೆ ಹೇಳುವ ಹಾಗೆ.

ಕುಮುದಿನಿ ಅತ್ತ ತಿರುಗಲಿಲ್ಲ. ಈ ಸಲ ಯಾರೂ ಹೇಳ್ರಿ ಅನ್ನದಿದ್ದರೂ ಅದೇ ಮಾತನ್ನು ಮೂರನೆಯ ಸಲ, ಇನ್ನೂ ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೆ ಹೇಳಿದರು.

* * *

ಹಲಗಿ ಬಡಿಯುತ್ತ ಹೆಣ ಎತ್ತಿದರು. ಮಟಮಟ ಮಧ್ಯಾಹ್ನ. ಹಿಂದಿನಿಂದ ಹೆಂಗಸರು ಹೊರಟರು, ಎಲ್ಲರಿಗಿಂತ ಮುಂದೆ ಸೋಮವ್ವ, ಪಕ್ಕದಲ್ಲಿ ರೇಷ್ಮಾ. ಡಾಂಬರು ರಸ್ತೆ ಸುಡುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಸೋಮವ್ವ ತಿರುಗಿ ನೋಡಿದಳು.

ಕುಮುದಿನಿ ಚಪ್ಪಲಿ ಅಂಗಳದಲ್ಲೇ ಬಿಟ್ಟು ಬಂದಿದ್ದರು. ಅಂಗಾಲು ಊರಲಾಗದೆ ತುದಿಗಾಲಲ್ಲಿ ಓಡೋಡುತ್ತ ಹೆಂಗಸರ ಗುಂಪಿನೊಡನೆ ಬರುತ್ತಿದ್ದರು. ಅವರ ಬೆನ್ನಿಗೆ ಅಂಟಿಕೊಂಡಂತೆ ಕಾರು ನಿಧಾನವಾಗಿ ಬರುತ್ತಿತ್ತು, ಒಂದು ಬಾಗಿಲು ತೆರೆದುಕೊಂಡೇ.

ಸೋಮವ್ವ ಮುಂದೆ ತಿರುಗಿದಳು. ನಡಿಗೆಯನ್ನು ನಿಧಾನ ಮಾಡಲಿಲ್ಲ.