ಗೋದುಬಾಯಿಯ ಗಿಡ ಪುಂಡಿಯಲ್ಲ

ಹಂದಿಜ್ವರದ ವರ್ಷ, ಎರಡು ಸಾವಿರದ ಒಂಬತ್ತರ ಶ್ರಾವಣ ಮುಗಿಯುವ ಹೊತ್ತಿಗೆ, ಹಳಿಯಾಳ ರಸ್ತೆ ಬದಿಯ ಇಪ್ಪತ್ತು ಮನೆಗಳ ಕೇರಿಗೆ ಗಾಂಜಾ ಹುಡುಕುವ ಅಬಕಾರಿ ಜೀಪು ಬಂತು. ಅತ್ತ ದಾಂಡೇಲಿಯಲ್ಲಿ ಜನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡುತ್ತಿದ್ದರು. ಚಹಾ ಕುಡಿಯುವಾಗ ಬಿಚ್ಚುತ್ತಿದ್ದರು. ಕೆಮ್ಮು ಬಂದರೂ, ಬಟ್ಟೆ ಹೊಲಸಾದೀತೆಂದು, ಬಿಚ್ಚುತ್ತಿದ್ದರು.

ಜೀಪು ಬಂದದ್ದು ಗೋದುಬಾಯಿಯನ್ನು ಹುಡುಕಿಕೊಂಡು. ಅರವತ್ತೈದು ದಾಟಿದ ಈ ಹೆಂಗಸು ಮೂವತ್ತು ವರ್ಷದಿಂದ, ಕೆಮ್ಮಿ ಎದೆ ಬಿಗಿದವರಿಗೆ ಭಂಗಿ ಸೊಪ್ಪನ್ನು, ಅಂದರೆ ಗಾಂಜಾ ಗಿಡದ ಎಲೆಯನ್ನು, ತುಪ್ಪದಲ್ಲಿ ಬಾಡಿಸಿ, ಸೋಸಿ, ಕಡಲೆಕಾಳಿನಷ್ಟು ನೆಕ್ಕಿಸುತ್ತಿದ್ದಳು. ಮಕ್ಕಳಿಗೆ, ಬಸುರಿಯರಿಗೆ ಕೊಡುತ್ತಿರಲಿಲ್ಲ. ತುಟಿ ನೀಲಿಯಾದವರನ್ನು ಹೊಸ್ತಿಲು ಹತ್ತಗೊಡದೆ ಬಸ್ಸಿಗೆ ಹತ್ತಿಸುತ್ತಿದ್ದಳು. “ದವಾಖಾನಿಗೆ ನಡಿ. ನಂದು ಊತಕ್ಕಷ್ಟ, ಸಾವಿಗಲ್ಲ,” ಎಂದು ಗದರುತ್ತಿದ್ದಳು.

ಅದೇ ಬೇಸಿಗೆಯಲ್ಲಿ ಧಾರವಾಡದಿಂದ ಸಹನಾ ಎಂಬ ಸಂಶೋಧನೆಯ ಹುಡುಗಿ ಬಂದು, ನಾಲ್ಕು ದಿನ ಅವಳ ಒಲೆಯ ಮುಂದೆ ಕೂತು ಬರೆದುಕೊಂಡಿದ್ದಳು. ವೈರಸ್ ಜ್ವರದಲ್ಲಿ ಎಷ್ಟೋ ಸಲ ವೈರಸ್ಸಿನಷ್ಟೇ ಹಾನಿಯನ್ನು ಅದರ ಮೇಲೆ ಸಿಟ್ಟಿಗೆದ್ದ ನಮ್ಮ ಮೈಯೇ ಮಾಡುತ್ತದಂತೆ. ಶ್ವಾಸಕೋಶದ ಆ ಉರಿಯೂತವನ್ನು ಭಂಗಿಯ ಅಂಶಗಳು ಇಳಿಸುತ್ತವೆಯೇ ಎಂದು ಅವಳು ಇಲಿಗಳ ಮೇಲೆ ನೋಡುತ್ತಿದ್ದಳು. ವರ್ಷವಾದರೂ ಏನೂ ಕಂಡಿರಲಿಲ್ಲ.

“ಔಷಧ ಹೆಂಗ ಮಾಡ್ತೀ?” ಎಂದು ಗೋದುಬಾಯಿ ಕೇಳಿದ್ದಳು.

“ನೀರಾಗ ಕುದಸ್ತೇನಿ, ಅಜ್ಜಿ.”

“ನೀರಿಗೆ ಅದು ಬಿಡೂದಿಲ್ಲವ್ವಾ, ಜಿಡ್ಡು ಬೇಕು. ಪಾಪ, ಆ ಇಲಿಗೆ ವರ್ಷಗಟ್ಟಲೆ ಬರೇ ಬಿಸಿನೀರ ಕುಡಿಸೀಯಲ್ಲ!”

ಜುಲೈಯಲ್ಲಿ ಸಹನಾಳ ಕಾರ್ಡು ಬಂತು. ಮಗ ಕುಬೇರ ಓದಿ ಹೇಳಿದ: ಜಿಡ್ಡಿನಲ್ಲಿ ಮಾಡಿದ್ದು ಇಲಿಗಳ ಊತ ಇಳಿಸಿದೆ, ವೈರಸ್ಸನ್ನು ಕೊಂದಿಲ್ಲ, ಮನುಷ್ಯರ ಬಗ್ಗೆ ಈಗಲೇ ಏನೂ ಹೇಳಲಾಗದು. ಗೋದುಬಾಯಿ ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. “ಇರ್ಲಿ. ಇಲಿಗಳು ಖರೇ ಹೇಳ್ಯಾವ,” ಎಂದಳು.

ಜೀಪಿನ ಸಾಹೇಬರು ಮೈಸೂರು ಕಡೆಯವರು, ಈ ಸೀಮೆಗೆ ಬಂದು ಎರಡು ತಿಂಗಳಾಗಿತ್ತು. ನೇರ ಹಿತ್ತಲಿಗೆ ನುಗ್ಗಿ, ಬೆರಳು ಬಿಚ್ಚಿದಂಥ ಎಲೆಗಳ ಹದಿನಾಲ್ಕು ಗಿಡಗಳನ್ನು ತಾವೇ ಕಿತ್ತು, ಚೀಲಕ್ಕೆ ಅರಗಿನ ಮುದ್ರೆ ಒತ್ತಿ, ಮೇಲಿನವರಿಗೆ ಫೋನನ್ನೂ ಮಾಡಿದರು. ಅದು ಪುಂಡಿ. ನಾವು ಕಡಲೆಬೇಳೆ, ನುಚ್ಚು ಹಾಕಿ ಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಪುಂಡಿ. ಜೊತೆಗಿದ್ದ ಪೇದೆ ಅಡಿವೆಯ್ಯ ಮುಂಡಗೋಡದವನು, ಪುಂಡಿ ಉಂಡೇ ಬೆಳೆದವನು. ಸಾಹೇಬರು ಕೇಳಲಿಲ್ಲ, ಅವನು ಹೇಳಲಿಲ್ಲ. ಪಂಚನಾಮೆಗೆ ಸಹಿ ಮಾಡಿದ ನೆರೆಮನೆಯ ಪರಸಪ್ಪನೂ, ಕೆಮ್ಮಿದಾಗೆಲ್ಲ ಗೋದುಬಾಯಿಯ ತುಪ್ಪ ನೆಕ್ಕಿದವನು, ಗಂಭೀರವಾಗಿಯೇ ಸಹಿ ಮಾಡಿದ.

ಕುಬೇರ ತಾಯಿಯನ್ನು ಒಲೆಯ ಮೂಲೆಗೆ ಎಳೆದ. “ಸುಮ್ಮಿರವ್ವಾ. ನೋಡಿ ಪುಂಡಿ ಅಂತ ತಾವ ಬಿಡ್ತಾರ. ನೀ ಕೊಡೂದೂ ಪುಂಡೀನ ಅಂತ ನಾವೆಲ್ಲಾ ಹೇಳ್ತೇವಿ. ಕಾರ್ಖಾನ್ಯಾಗ ಮುಂದಿನ ತಿಂಗಳ ನಾ ಪರ್ಮನೆಂಟ್ ಆಗೂದೈತಿ, ಮನ್ಯಾಗ ಕೇಸ್ ಬ್ಯಾಡ.”

“ಅಂದ್ರ ಮೂವತ್ತ ವರ್ಷ ನಾ ಜನಕ್ಕ ಪಲ್ಯಾ ನೆಕ್ಕಿಸಿದೆ ಅಂತಾತು.”

“ಅನ್ಲಿ ಬಿಡು.”

“ಗಾಂಜಾದಾಕಿ ಅನ್ಲಿ, ತಡಕೋತೇನಿ. ಮೋಸಗಾತಿ ಅನಿಸ್ಕೊಳ್ಳಾಂಗಿಲ್ಲ,” ಎಂದು ಗೋದುಬಾಯಿ ಹೊರಗೆ ಬಂದಳು. ಚೀಲದ ಬಾಯಿಂದ ಇಣುಕಿದ್ದ ಒಂದು ಎಲೆ ಹರಿದು ಸಾಹೇಬರ ಕೈಗಿಟ್ಟಳು.

“ಜಗದ ನೋಡ್ರಿ.”

“ಏನಮ್ಮಾ, ನನಗೇ ಗಾಂಜಾ ತಿನ್ನಿಸ್ತೀರಾ?”

“ಹುಳಿ ಬಂದ್ರ ಪುಂಡಿ.”

ಸಾಹೇಬರು ಅಡಿವೆಯ್ಯನನ್ನು ನೋಡಿದರು. ಅಡಿವೆಯ್ಯ ಮೋಡ ನೋಡಿದ. ಸಾಹೇಬರು ಮೂಗಿನ ಕರವಸ್ತ್ರ ಸರಿಸಿ ಎಲೆಯ ತುದಿ ಕಚ್ಚಿದರು. ಅವರ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು.

“ಬರ್ರಿ, ನಿಮ್ಮದು ಇಲ್ಲೈತಿ,” ಎಂದು ಗೋದುಬಾಯಿ ಅವರನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದಕ್ಕೆ ಕರೆದೊಯ್ದಳು. ಎದೆಮಟ್ಟದ ಒಂದೇ ಗಿಡ, ಹೂ ಬಿಡದಂತೆ ತುದಿಯೆಲ್ಲ ಚಿವುಟಿದ್ದು, ಗಮ್ಮೆನ್ನುತ್ತ ನಿಂತಿತ್ತು.

ಸಾಹೇಬರು ಗಿಡ ನೋಡಿದರು, ಮುದ್ರೆಯ ಚೀಲ ನೋಡಿದರು, ಫೋನು ನೋಡಿದರು. ದನಿ ಇಳಿಸಿದರು. “ಅಮ್ಮಾ, ಇದೂ ಪುಂಡೀನೇ ಬಿಡಿ. ಪಂಚನಾಮೆ ಹರಿದು ಹಾಕಿ, ದೂರೇ ಸುಳ್ಳು ಅಂತ ಮೇಲಿನವರಿಗೆ ಹೇಳ್ತೀನಿ. ನೀವು ಕೊಡೋದೆಲ್ಲ ಬರೀ ಸೊಪ್ಪಿನ ಪಲ್ಯ, ಔಷಧ ಅನ್ನೋದು ಸುಳ್ಳು ಅಂತ ಒಂದು ಸಹಿ ಹಾಕಿ. ಕೇಸೂ ಇಲ್ಲ, ಏನೂ ಇಲ್ಲ.”

ಹಿಂದೆ ನಿಂತ ಕುಬೇರ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

“ಹಂಗಾರ ಇದನ್ನೂ ಜಗೀರಿ ಸಾಹೇಬ್ರ. ಪುಂಡಿ ಅಂದ್ರಲ್ಲ.”

ಸಾಹೇಬರು ಜಗಿಯಲಿಲ್ಲ.

ಗೋದುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿಡದ ಬುಡಕ್ಕೆ ಎರಡೂ ಕೈ ಹಾಕಿ, ಬೇರು ಸಮೇತ ಕಿತ್ತಳು. ಮಣ್ಣು ಝಾಡಿಸಿದಳು, ಸಾಹೇಬರ ಬೂಟಿನ ಮೇಲೇ. ಗಿಡವನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು.

“ಅಮ್ಮಾ, ಅದು ನನ್ನ ಸೀಟು.”

“ನಡ್ರಿ, ಕಚೇರಿಗೆ ಹೋಗೂಣು. ಗೋದುಬಾಯಿ ಭಂಗಿ ಕೊಡ್ತಾಳ, ಎದಿ ಊತಕ್ಕ ಕೊಡ್ತಾಳ, ತುಪ್ಪದಾಗ ಕೊಡ್ತಾಳ ಅಂತ ಬರಕೋರಿ. ಅದಕ್ಕ ಸಹಿ ಮಾಡ್ತೇನಿ. ಇಲಿಗಳ ಸಾಕ್ಷಿನೂ ಐತಿ,” ಎಂದು ಸೆರಗಿನ ಗಂಟು ಮುಟ್ಟಿ ತೋರಿಸಿದಳು. ಆಮೇಲೆ ಹಿಂದಕ್ಕೆ ತಿರುಗಿ, “ಏ ಅಡಿವೆಯ್ಯಾ, ನಮ್ಮ ಪುಂಡಿ ಕೆಳಗಿಡು. ಬಾಡಿದ್ರ ಪಲ್ಯಾ ಆಗೂದಿಲ್ಲ,” ಎಂದಳು.

ಅಡಿವೆಯ್ಯ ಯಾರ ಅಪ್ಪಣೆಗೂ ಕಾಯದೆ ಚೀಲ ಇಳಿಸಿದ. ಅವನ ನೌಕರಿಯಲ್ಲಿ ಹಾಗೆ ಆದದ್ದು ಅದೇ ಮೊದಲು.

ಕುಬೇರ ಒಳಗೆ ಓಡಿ ತಾಯಿಯ ಚಪ್ಪಲಿ ತಂದು, ಬಗ್ಗಿ ಅವಳ ಕಾಲಿಗೆ ತೊಡಿಸಿದ. ಆಮೇಲೆ ಹಿಂದಿನ ಸೀಟು ಹತ್ತಿ ಕೂತ.

ಸಾಹೇಬರಿಗೆ ಕೆಮ್ಮು ಬಂತು. ಕರವಸ್ತ್ರ ಬಿಚ್ಚಿ ಕೆಮ್ಮಿದರು.

“ಹತ್ರಿ ಸಾಹೇಬ್ರ,” ಎಂದಳು ಗೋದುಬಾಯಿ, ಗಿಡವನ್ನು ಸ್ವಲ್ಪ ಆ ಕಡೆ ಸರಿಸುತ್ತ. “ಕೇಸ್ ನಿಮ್ಮದ ಐತಿ, ಯಾಕ ಅಂಜ್ತೀರಿ?”