ಚಕ್ರ ಮೇಲೋ, ಕೆಳಗೋ

ಆ ಭಾನುವಾರ ಬೆಳಿಗ್ಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನೀರಿನ ಮೇಲಿಂದ ನಾನೊಬ್ಬನೇ ವಿಮಾನ ಹಾರಿಸಲು ನನಗೆ ಹಾರಾಟ ಕಲಿಸುತ್ತಿದ್ದ ನಂಜುಂಡಯ್ಯನವರು ಕೊನೆಗೂ ಒಪ್ಪಿದ್ದರು. ಒಪ್ಪಿದ ರೀತಿ ಹೀಗಿತ್ತು: “ಒಂದೇ ಒಂದು ಕಿತಾಪತಿ ಮಾಡುದ್ರೂ ಮುಗೀತು ಸಿದ್ದರಾಜು. ಆಮೇಕೆ ಜೀವಮಾನವೆಲ್ಲ ವಿಮಾನ ಒರುಸ್ಕೊಂಡಿರು.”

“ಪ್ರಭು! ಈ ಕೊರಳು ಉರುಳಿದರೂ ಸರಿ, ಕೊಟ್ಟ ಮಾತು ಉರುಳದು!” ನಾನು ಎದೆಗೆ ಕೈಯಿಟ್ಟು ಮಂಡಿಯೂರಿದೆ.

“ಎದ್ದೇಳ್ಲಾ, ಪ್ಯಾಂಟೆಲ್ಲ ಗ್ರೀಸಾಯ್ತದೆ,” ಎಂದ ಮೆಕ್ಯಾನಿಕ್ ಮರಿಸ್ವಾಮಿ.

ಇದು ಐವತ್ತೊಂಬತ್ತನೇ ಇಸವಿಯ ಮಾತು. ನಮ್ಮ ವಿಮಾನದ ಹೆಸರು ಬಾತುಕೋಳಿ. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದದ್ದನ್ನು ಅವರಿಬ್ಬರೂ ತಂದು ಮೂರು ವರ್ಷ ರಿಪೇರಿ ಮಾಡಿದ್ದರು. ಎರಡು ಸೀಟು, ದೋಣಿಯಂಥ ಹೊಟ್ಟೆ, ನೆತ್ತಿಯ ಮೇಲೊಂದು ಎಂಜಿನ್ನು. ನೆಲಕ್ಕೂ ಇಳಿಯುತ್ತಿತ್ತು, ನೀರಿಗೂ ಇಳಿಯುತ್ತಿತ್ತು. ನೆಲಕ್ಕಾದರೆ ಚಕ್ರ ಕೆಳಗಿರಬೇಕು, ನೀರಿಗಾದರೆ ಮೇಲಿರಬೇಕು. ಚಕ್ರ ಬಿಟ್ಟುಕೊಂಡು ನೀರಿಗಿಳಿದರೆ ನೀರು ಅದನ್ನು ಹಿಡಿದೆಳೆದು ವಿಮಾನವನ್ನು ಅಂಗಾತ ಮಗುಚಿಹಾಕುತ್ತದೆ. ಆಮೇಲೆ ಹೊರಗೆ ಬರುವುದು ಅವರವರ ಪುಣ್ಯ.

ಅದಕ್ಕೇ ನಮ್ಮಲ್ಲೊಂದು ಪದ್ಧತಿ. ಇಳಿಯುವ ಮುಂಚೆ ಹಾರಿಸುವವರು “ಚಕ್ರ ಎಲ್ಲದೆ?” ಎಂದು ಕೂಗಬೇಕು. ಪಕ್ಕದವನು ಕಿಟಕಿಯಿಂದ ಬಗ್ಗಿ, ಕಣ್ಣಾರೆ ನೋಡಿ ಉತ್ತರ ಕೊಡಬೇಕು. ಚಕ್ರ ಎತ್ತುವ ಕೈಪಂಪೂ ಪಕ್ಕದವನದೇ. ಇಪ್ಪತ್ತೆರಡು ಸಲ ಒತ್ತಬೇಕು.

ಹಿಂದಿನ ಭಾನುವಾರ ಚಕ್ರ ಮೇಲೆಯೇ ಇದ್ದಾಗ ನಾನು ಬೇಕೆಂದೇ “ಅಯ್ಯಯ್ಯೋ, ಕೆಳಗದೆ!” ಎಂದು ಚೀರಿದ್ದೆ. ನಂಜುಂಡಯ್ಯನವರು ಬೆವತುಹೋಗಿ ವಿಮಾನ ಮೇಲೆತ್ತಿದ್ದರು. ನಾನು ನಕ್ಕು ನಕ್ಕು ಸೀಟಿನಿಂದ ಜಾರಿದ್ದೆ. ಕಿತಾಪತಿ ಎಂದರೆ ಅದು.

ಈ ಭಾನುವಾರ ಹೋಗುವಾಗ ಅವರು ಹಾರಿಸುವುದು, ಅಣೆಕಟ್ಟಿನ ಹಿನ್ನೀರು ಮುಟ್ಟಿದ ಮೇಲೆ ನಾನೊಬ್ಬನೇ ಎಂದು ಮಾತಾಗಿತ್ತು. ಮರಿಸ್ವಾಮಿ ಇಡ್ಲಿ ಡಬ್ಬಿ ಕಟ್ಟಿಕೊಂಡು ಮೋಟಾರು ಸೈಕಲ್ಲಿನಲ್ಲಿ ಮೊದಲೇ ಹೊರಟಿದ್ದ. ನಾವು ಮೈದಾನದಿಂದ ಎದ್ದು, ದಟ್ಟಗಳ್ಳಿಯ ಹೊಲಗಳನ್ನು ದಾಟಿ ಸರಸ್ವತಿಪುರಂ ಕಡೆ ತಿರುಗಿದೆವು. ಅಲ್ಲಿ ನಮ್ಮ ಮನೆಯ ತಾರಸಿಯ ಮೇಲೆ ಅವ್ವ ಸಂಡಿಗೆ ಹಾಕುತ್ತಿದ್ದಳು.

“ಸಾರ್, ಸಾರ್, ಒಂಚೂರು ತಗ್ಗುಸಿ, ನಮ್ಮವ್ವ!”

ಅವರು ತಗ್ಗಿಸಿದರು. ನಾನು ಅರ್ಧ ಮೈ ಹೊರಗೆ ಹಾಕಿ “ಅವ್ವೋ!” ಎಂದು ಕಿರುಚಿದೆ. ಅವಳು ಕಾಗೆ ಓಡಿಸುವ ಕೋಲೆತ್ತಿಕೊಂಡು ನಮ್ಮನ್ನೇ ಅಟ್ಟಿಸಿಕೊಂಡು ಬಂದಳು. ಬೋಗಾದಿ ಊರು ದಾಟುವವರೆಗೂ ಇಬ್ಬರಿಗೂ ನಗು ನಿಲ್ಲಲಿಲ್ಲ.

ಆಮೇಲೆ ಹಿನ್ನೀರು ಕಂಡಿತು. ವಿಮಾನದ ಹೊಟ್ಟೆ ನೀರಿಗೆ ತಾಕಿದಾಗ ಮೊದಲು ಹಪ್ಪಳ ಮುರಿದ ಸದ್ದು ಬರುತ್ತದೆ, ಮರುಕ್ಷಣ ಎರಡೂ ಕಡೆ ಬಿಳಿಯ ರೆಕ್ಕೆಯಂತೆ ನೀರೇಳುತ್ತದೆ. ವಾರವೆಲ್ಲ ನಾನು ಬದುಕುತ್ತಿದ್ದದ್ದೇ ಆ ಗಳಿಗೆಗೆ. ನೀರು ಇನ್ನೇನು ಹತ್ತಿರವಾಗುವಾಗ ದಡದಲ್ಲಿ ಮರಿಸ್ವಾಮಿ ಎಲ್ಲಿದ್ದಾನೆಂದು ಬಗ್ಗಿ ನೋಡಿದೆ. ಮರಿಸ್ವಾಮಿ ಕಾಣಲಿಲ್ಲ. ಚಕ್ರ ಕಂಡಿತು. ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು.

ಪಂಪು ಒತ್ತುವುದನ್ನು ನಾನು ಮರೆತಿದ್ದೆ. ಕೇಳುವುದನ್ನು ಅವರು ಮರೆತಿದ್ದರು.

“ಸಾರ್, ಚಕ್ರ ಕೆಳಗದೆ.”

“ಶುರು ಮಾಡ್ಬುಟ್ಟ ನೋಡು.” ಅವರ ಕಣ್ಣು ನೀರಿನ ಮೇಲೆಯೇ ಇತ್ತು. “ಹೋಯ್ತು ಕಣಪ್ಪ, ನೀನೊಬ್ನೇ ಹಾರ್ಸೋ ಸೋಲೋ.”

“ನಿಜ್ವಾಗ್ಲೂ ಸಾರ್! ಅವ್ವನಾಣೆ!”

“ಹೋದ್ವಾರಾನೂ ಅವ್ವನಾಣೇನೇ ಇಟ್ಟಿದ್ದೆ.”

ಸಿನಿಮಾದಲ್ಲಾದರೆ ಇಲ್ಲಿ ನಾಯಕನಿಗೆ ಒಂದು ಪುಟದ ಮಾತಿರುತ್ತದೆ. ನನಗಿದ್ದದ್ದು ನೀರಿನಿಂದ ಎರಡಾಳು ಎತ್ತರ. ಹೇಳದೆ ಕೇಳದೆ ಹಾರಿಸುವವರ ಹಿಡಿ ಮುಟ್ಟಿದವನು ಮತ್ತೆ ಆ ಸೀಟಿನಲ್ಲಿ ಕೂರುವಂತಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಎಂಜಿನ್ನಿನ ವೇಗದ ಥ್ರಾಟಲ್ ಪೂರ್ತಿ ತಳ್ಳಿ, ವಿಮಾನ ಎತ್ತುವ ಹಿಡಿಕೋಲನ್ನು ನನ್ನತ್ತ ಎಳೆದೆ. ಟೈರು ನೀರನ್ನು ಒಮ್ಮೆ ಸವರಿತು. ವಿಮಾನದ ಮೂಗು ಮುಗ್ಗರಿಸಿತು. ಎಂಜಿನ್ನು ಅರಚಿತು. ಎದ್ದೆವು.

ಹೊಡೆಯಲು ಎತ್ತಿದ ನಂಜುಂಡಯ್ಯನವರ ಕೈ ನನ್ನ ಮುಖ ನೋಡಿ ನಿಂತಿತು. ನನ್ನ ಮೇಲಿಂದ ಬಗ್ಗಿ ಕಿಟಕಿಯಾಚೆ ನೋಡಿದರು. ಎಷ್ಟೋ ಹೊತ್ತು ನೋಡಿದರು. ನಾನು ಒಂದು, ಎರಡು ಎಂದು ಇಪ್ಪತ್ತೆರಡರವರೆಗೆ ಪಂಪು ಒತ್ತಿದೆ. ಒಂದು ಸುತ್ತು ಹಾಕಿ ಬಂದು ಇಳಿದೆವು.

ಮರಿಸ್ವಾಮಿ ಪಂಚೆ ಎತ್ತಿ ಕಟ್ಟಿ, ಸೊಂಟದುದ್ದ ನೀರಿಗಿಳಿದು ರೆಕ್ಕೆ ಹಿಡಿದುಕೊಂಡ. “ಏನ್ಲಾ, ಇಳಿಯೋರು ಮತ್ತೆ ಎದ್ದೋದ್ರಿ? ನನ್ ಮಕ ಕಂಡು ಹೆದರ್ಕಂಡ್ರಾ?”

“ಪಂಪು ಒತ್ತದೆ ಇದ್ದೋನು ನಾನೇ ಸಾರ್,” ಎಂದೆ ನಂಜುಂಡಯ್ಯನವರಿಗೆ. “ಅವ್ವನ್ನ ನೋಡ್ತಾ ಮರ್ತ್ಬುಟ್ಟೆ.”

“ಕೇಳ್ದೆ ಇದ್ದೋನು ನಾನು.” ಅವರು ದಡದ ಕಲ್ಲಿನ ಮೇಲೆ ಕೂತು ಒಂದು ಇಡ್ಲಿ ತೆಗೆದುಕೊಂಡರು. ಅದು ಅವರ ಬೆರಳುಗಳ ನಡುವೆ ನಡುಗಿ ಮರಳಿಗೆ ಬಿತ್ತು. ಇನ್ನೊಂದು ತೆಗೆದುಕೊಂಡರು. ಅದೂ ಬಿತ್ತು.

“ನೋಡುದ್ಯಾ? ಇಡ್ಲೀನೇ ನಿಲ್ತಿಲ್ಲ, ವಿಮಾನ ನಿಲ್ತದಾ ಈ ಕೈಲಿ? ನಾನು ಮರಿಸ್ವಾಮಿ ಗಾಡೀಲಿ ಬತ್ತೀನಿ. ನೀನ್ ತಗೊಂಡೋಗು.”

“ಒಬ್ನೇನಾ?”

“ಇಲ್ಲ, ನಿಮ್ಮವ್ವನ್ನ ಕೂರುಸ್ಕೋ, ಕೋಲು ತತ್ತಾರೆ.”

ಮರಿಸ್ವಾಮಿ ಇಬ್ಬರನ್ನೂ ನೋಡಿದ. “ವಿಮಾನಾನ ನಾನ್ ರಿಪೇರಿ ಮಾಡ್ದೆ. ನಿಮ್ಮಿಬ್ರನ್ನ ಯಾರ್ಲಾ ಮಾಡಾರು?” ಎಂದು ಬೈಯುತ್ತಲೇ ಬಾತುಕೋಳಿಯ ಮೂಗನ್ನು ನೀರಿನತ್ತ ತಿರುಗಿಸಿದ. ನಾನು ಈಗ ಯಾವ ಡೈಲಾಗು ಹೊಡೆಯುತ್ತೇನೋ ಎಂದು ಇಬ್ಬರೂ ಕಾದರು. ನಾನು ಹಾರಿಸುವವರ ಸೀಟಿಗೆ ಹತ್ತಿ ಕೂತೆ.

ಪಕ್ಕದ ಸೀಟು ಖಾಲಿಯಿದ್ದದ್ದಕ್ಕೆ ಹಗುರಾದ ಬಾತುಕೋಳಿ ಎಂದಿನ ಅರ್ಧ ದೂರದಲ್ಲೇ ನೀರು ಬಿಟ್ಟು ನೆಗೆಯಿತು. ನಾನು ಕೂಗಿದೆ, ಹಾಡಿದೆ, ಸೀಟಿನಲ್ಲೇ ಕುಣಿದೆ. ಮೈದಾನ ಕಂಡ ಕೂಡಲೇ ಎಲ್ಲ ನಿಂತುಹೋಯಿತು. ಪಕ್ಕದ ಸೀಟಿನತ್ತ ಕೈಚಾಚಿ ಚಕ್ರ ಇಳಿಸಿ ಬಗ್ಗಿ ನೋಡಿದೆ. ಕೆಳಗಿತ್ತು. “ಕೆಳಗದೆ,” ಎಂದು ನನಗೆ ನಾನೇ ಜೋರಾಗಿ ಹೇಳಿಕೊಂಡೆ. ಹೇಳಿದವನು ಯಾರೆಂದು ನೆನಪಾಗಿ ಮತ್ತೆ ನೋಡಿದೆ. ಆರು ಸಲ, ಏಳು ಸಲ ನೋಡಿದರೂ ಆ ಮಾತು ನಂಬಲು ಧೈರ್ಯ ಬರಲಿಲ್ಲ. ಎಂಟನೆಯ ಸಲ ಬಗ್ಗಿದಾಗ ಚಕ್ರ ಮೈದಾನದ ಹುಲ್ಲಿನ ಮೇಲೆ ಉರುಳುತ್ತಿತ್ತು.